ಬಣ್ಣ ಬರಲಿಲ್ಲ ಅಂದ್ರೆ ಸತ್ತೇ ಹೋಯ್ತಾ?

"ನಿಸ್ಲ್ ಎಣಿಸಿದ್ದೀರಾ?"

ಲ್ಯಾಬ್ ಮೀಟಿಂಗ್‌ನಲ್ಲಿ ಮೇಡಂ ಕೇಳಿದ್ದು ಇಷ್ಟೇ. ನಿಸ್ಲ್ ಅಂದರೆ ಡೋಪಮೈನ್ ಮಾಡಲಿ ಬಿಡಲಿ, ನರಕೋಶಗಳಿಗೆಲ್ಲ ಹಿಡಿಯುವ ಬಣ್ಣ. ನಾನು ಎಣಿಸಿರಲಿಲ್ಲ. ಆದರೆ ನನ್ನ ಹಿಂದೆ ಪರದೆಯ ಮೇಲೆ "ಡೋಪಮೈನ್ ಕೋಶಗಳ ಸಾವು" ಅಂತ ದಪ್ಪಕ್ಷರದಲ್ಲಿ ಕುಳಿತಿತ್ತು.

ಇಲಿಗಳ ಮಿದುಳಿನ ಒಂದೇ ಪಕ್ಕಕ್ಕೆ ಪಿಎಫ್ಎಫ್ ಹಾಕಿ ಎರಡು ತಿಂಗಳಾಗಿತ್ತು. ಅಂದರೆ ಮೊದಲೇ ಎಳೆಕಟ್ಟಿಸಿದ ಆಲ್ಫಾ-ಸಿನ್ಯೂಕ್ಲಿನ್. 140 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್ ಇದು. ನರಕೋಶದ ತುದಿಗಳಲ್ಲಿ ಸಡಿಲವಾಗಿ, ತನ್ನ ಪಾಡಿಗೆ ಇರುತ್ತದೆ. ತಪ್ಪಾಗಿ ಮಡಚಿಕೊಂಡ ಎಳೆಯೊಂದು ಒಳಗೆ ಹೊಕ್ಕರೆ ಮಾತ್ರ ಕಥೆ ಬೇರೆ. ಅದು ಪಕ್ಕದ ಒಳ್ಳೆಯದನ್ನೂ ಹಿಡಿದು ತನ್ನ ಹಾಗೇ ಮಡಚುತ್ತದೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ 1912ರಲ್ಲಿ ಲೆವಿ ಎಂಬ ವೈದ್ಯ ವಿವರಿಸಿದ ಉಂಡೆಗಳಲ್ಲಿ ತುಂಬಿರುವುದು ಇದೇ ಅಂತ ಗೊತ್ತಾಗಿದ್ದು 1997ರಲ್ಲಿ.

ನಮ್ಮ ಸೆಕ್ಷನ್‌ಗಳಲ್ಲೂ (ಮಿದುಳಿನ ತೆಳು ಹೋಳುಗಳು) ಉಂಡೆಗಳು ಚೆನ್ನಾಗಿಯೇ ಬಂದಿದ್ದವು. ಡೋಪಮೈನ್ ಕೋಶಗಳನ್ನು ಕಂದಾಗಿ ತೋರಿಸುವ ಟಿಎಚ್ ಸ್ಟೇನ್ ನೋಡಿದರೆ, ಇಂಜೆಕ್ಷನ್ ಆದ ಪಕ್ಕದಲ್ಲಿ ಕಂದು ಕೋಶಗಳು ಕಣ್ಣಿಗೆ ಕಾಣುವಷ್ಟು ಕಮ್ಮಿ. ಮೈಕ್ರೋಸ್ಕೋಪ್ ಸಿಗುತ್ತಿದ್ದದ್ದೇ ರಾತ್ರಿ ಹತ್ತರ ನಂತರ (ಹಗಲಿನ ಬುಕಿಂಗ್ ಹಾಳೆಯಲ್ಲಿ ಯಾವಾಗಲೂ ಅದೇ ಇಬ್ಬರ ಹೆಸರು, ಅದು ಬೇರೆ ದೂರು). ನಿದ್ದೆಗಣ್ಣಲ್ಲಿ ಎಣಿಸಿದೆ. ವ್ಯತ್ಯಾಸ ಕಂಡಾಗ ಖುಷಿಯಾಯಿತು. ಆ ಖುಷಿಯಲ್ಲೇ ಎಡವಿದೆ.

ಟಿಎಚ್ ಅಂದರೆ ಡೋಪಮೈನ್ ತಯಾರಿಸಲು ಬೇಕಾದ ಕಿಣ್ವ, ಅಷ್ಟೇ. ಕಷ್ಟದಲ್ಲಿರುವ ಕೋಶ ಮೊದಲು ಅದನ್ನು ಮಾಡುವುದನ್ನೇ ಕಡಿಮೆ ಮಾಡಬಹುದು. ಅಂಗಡಿ ಬಾಗಿಲು ಹಾಕಿದ ಮಾತ್ರಕ್ಕೆ ಮಾಲೀಕ ಸತ್ತ ಅಂತಲ್ಲವಲ್ಲ! ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೆ. ಮೇಡಂ ಉತ್ತರಕ್ಕೆ ಕಾಯುತ್ತಿದ್ದರು. ನಾನು ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಒಂದು ಸ್ಲೈಡ್ ಹಿಂದೆ, ಒಂದು ಸ್ಲೈಡ್ ಮುಂದೆ ಹೋಗುತ್ತಿದ್ದೆ. ಪಕ್ಕದಲ್ಲಿದ್ದ ಜೂನಿಯರ್ ನನ್ನ ಮುಖ ನೋಡದೆ ನೀರಿನ ಬಾಟಲಿ ನನ್ನ ಕಡೆ ತಳ್ಳಿದಳು.

ಪುಣ್ಯಕ್ಕೆ ಅವೇ ಮಿದುಳುಗಳ ಸೆಕ್ಷನ್‌ಗಳ ಒಂದು ಸರಣಿ ಕ್ರಯೋದಲ್ಲಿ, ಅಂದರೆ ಚಳಿಯಲ್ಲಿ ಕೆಡದ ಹಾಗೆ, ಉಳಿದಿತ್ತು. ನಿಸ್ಲ್ ಮಾಡಿ, ಯಾವ ಪಕ್ಕ ಯಾವುದು ಅಂತ ನನಗೆ ತಿಳಿಯದ ಹಾಗೆ ಕೋಡ್ ಹಾಕಿಸಿ ಎಣಿಸಿದೆ. ಎರಡೂ ಪಕ್ಕ ಹೆಚ್ಚುಕಮ್ಮಿ ಒಂದೇ. ಕೋಶಗಳು ಅಲ್ಲೇ ಇದ್ದವು, ಉಂಡೆ ಹೊತ್ತುಕೊಂಡು.

ಸಾವು ಬಂದದ್ದು ಆರು ತಿಂಗಳ ಗುಂಪಿನಲ್ಲಿ. ಆಗ ನಿಸ್ಲ್ ಲೆಕ್ಕವೂ ಇಳಿಯಿತು. ನಡುವಿನ ತಿಂಗಳುಗಳಲ್ಲಿ ಕೋಶದೊಳಗೆ ಏನಾಗುತ್ತದೆ ಅನ್ನುವುದೇ ನಿಜವಾದ ಕಥೆ. ಕಸ ಕರಗಿಸುವ ಲೈಸೋಸೋಮ್ ಸೋಲುತ್ತದೆ, ಮೈಟೋಕಾಂಡ್ರಿಯಾ ಬಳಲುತ್ತದೆ. ಈ ಕೋಶಗಳಿಗೋ ಮೊದಲೇ ಭಾರ ಜಾಸ್ತಿ: ವಿಪರೀತ ಕವಲೊಡೆದ ಆಕ್ಸಾನ್ (ಸಂಕೇತ ಒಯ್ಯುವ ಉದ್ದನೆಯ ಎಳೆ), ಬಿಡುವಿಲ್ಲದ ಮಿಡಿತ, ಉತ್ಕರ್ಷಣಗೊಂಡರೆ ತಿರುಗಿಬೀಳುವ ಡೋಪಮೈನ್. ಕಣ್ಣಿಗೆ ಕಾಣುವ ದೊಡ್ಡ ಉಂಡೆಗಿಂತ ಅದಕ್ಕೂ ಮುಂಚಿನ ಪುಟ್ಟ ಗುಂಪುಗಳೇ ಹೆಚ್ಚು ವಿಷ ಅನ್ನುವವರೂ ಇದ್ದಾರೆ.

ಹಳೆಯ ಸ್ಲೈಡ್‌ನ ಶೀರ್ಷಿಕೆ ಈಗ "ಟಿಎಚ್ ಇಳಿಕೆ". ಫೈಲ್ ಹೆಸರು ಮಾತ್ರ ಇನ್ನೂ "ಸಾವು_ಫೈನಲ್_2". ಮೇಡಂಗೆ ಅದನ್ನೇ ಮೇಲ್ ಮಾಡಿಬಿಟ್ಟಿದ್ದೇನೆ.