ಕುಂಡಿಕೆಯ ಮುಂದೆ ಒಂದು ರಾತ್ರಿ

2023ರ ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ಕುಂಡಿಕೆ ಅನ್ನುವ ಪುಟ್ಟ ಕೊಳದಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವದ ಮುಹೂರ್ತ ರಾತ್ರಿ 1 ಗಂಟೆ 27 ನಿಮಿಷಕ್ಕೆ ಬಿದ್ದಿತ್ತು. ಭಾಗಮಂಡಲದ ಸಂಗಮದಲ್ಲಿ ಮುಳುಗು ಹಾಕಿ, ಭಗಂಡೇಶ್ವರನಿಗೆ ಕೈಮುಗಿದು, ನಾನೂ ಅಣ್ಣನ ಮಗಳೂ ಬೆಟ್ಟ ಹತ್ತಿದೆವು. ಮಂಜು, ಚಳಿ, ಜನವೋ ಜನ. ಅವಳು ಮೈಸೂರಿನಲ್ಲಿ ಫಿಲಾಸಫಿ ಓದುತ್ತಾಳೆ. ನೂಕುನುಗ್ಗಲಿನ ನಡುವೆ ಮೆಲ್ಲಗೆ ಕೇಳಿದಳು, "ಅತ್ತೆ, ದೇವರಿದ್ದಾನೆ ಅನ್ನೋದಕ್ಕೆ ನಿಮಗೆ ಯಾವ ವಾದ ಸರಿ ಅನ್ನಿಸುತ್ತೆ?"

ಮುಂದಿದ್ದ ಅಜ್ಜಿಯೊಬ್ಬರು ತಿರುಗಿ ನೋಡಿದರು. ನನಗಂತೂ ಖುಷಿಯಾಯಿತು. ಇಲ್ಲಿ ಕೇಳದೆ ಇನ್ನೆಲ್ಲಿ ಕೇಳಬೇಕು?

ಗಡಿಯಾರ ಇದ್ದ ಮೇಲೆ ಅದನ್ನು ಮಾಡಿದವನು ಇರಲೇಬೇಕು, ಜಗತ್ತಿಗೂ ಹಾಗೇ ಎಂದು 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಬರೆದ. 1859ರಲ್ಲಿ ಡಾರ್ವಿನ್ನನ ವಿಕಾಸವಾದ ಬಂದ ಮೇಲೆ ಆ ವಾದಕ್ಕೆ ಮೊದಲಿನ ಬಲ ಉಳಿಯಲಿಲ್ಲ. ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲಾಗದೋ ಅದು ಇರಲೇಬೇಕು ಅನ್ನುವ ಕ್ರೈಸ್ತ ಸಂತ ಆನ್ಸೆಲ್ಮನ ವಾದ ಓದುವಾಗ ಬೆರಗು, ಪುಸ್ತಕ ಮುಚ್ಚಿದ ಮೇಲೆ ಏನೂ ಕೈಗೆ ಸಿಗದು. ನನ್ನನ್ನು ಹಿಡಿದು ನಿಲ್ಲಿಸುವುದು ಮೂಲಕಾರಣದ ವಾದ: ಒಂದಕ್ಕೊಂದು ಕಾರಣ ಹುಡುಕುತ್ತ ಹೋದರೆ ಎಲ್ಲದರ ಹಿಂದೆ ಒಂದು ಮೂಲ ಇರಲೇಬೇಕು ಅನ್ನುವುದು.

"ಆ ಕುಂಡಿಕೆಯ ನೀರು ಎಲ್ಲಿಂದ ಬರುತ್ತೆ?" ಅಂದೆ.

"ಬ್ರಹ್ಮಗಿರಿಯ ಒಳಗಿಂದ."

ಬೆಟ್ಟಕ್ಕೆ ಮುಂಗಾರಿನಿಂದ, ಮುಂಗಾರು ಅರಬ್ಬಿ ಸಮುದ್ರದಿಂದ. ಸಮುದ್ರಕ್ಕೆ? ನದಿಗಳಿಂದ. ಇಲ್ಲಿ ಹುಟ್ಟಿದ ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತಾಳೆ. ಕಡಲಿಗೆ ಕಡಲು ಕೂಡಿಕೊಂಡೇ ಇದೆ, ಅಲ್ವಾ? ತಲೆ ಅಂತ ನಾವು ಕೈಮುಗಿಯುವ ಜಾಗ ಒಂದು ಸುತ್ತಿನ ನಡುವೆ ಇದೆ.

"ಹಾಗಾದ್ರೆ ಮೊದಲು ಅನ್ನೋದೇ ಇಲ್ಲ. ವಾದ ಬಿತ್ತಲ್ಲ ಅತ್ತೆ!"

ಬೀಳಲಿಲ್ಲ. ಜಗತ್ತಿಗೆ ಒಂದು ಮೊದಲ ದಿನ ಇತ್ತು ಎಂದು ಬರೀ ತರ್ಕದಿಂದ ತೋರಿಸಲಾಗದು ಅಂತ ಈ ವಾದ ಮಂಡಿಸಿದ 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸನೇ ಒಪ್ಪಿದ್ದ. ಅವನು ಕೇಳಿದ್ದು ಬೇರೆ. ಸುತ್ತು ಎಂದೆಂದಿಗೂ ಇತ್ತು ಅಂತಲೇ ಇಟ್ಟುಕೊಳ್ಳೋಣ. ಈ ಗಳಿಗೆಯಲ್ಲಿ ಅದನ್ನು ಇರಿಸಿರುವುದು ಏನು? ಹಣತೆ ಹಚ್ಚಲು ಕೈ ಒಮ್ಮೆ ಬಂದರೆ ಸಾಕು. ಎಣ್ಣೆ ಮಾತ್ರ ಉರಿಯುವಷ್ಟು ಹೊತ್ತೂ ಬೇಕು. ನಾನು ಹುಡುಕುವುದು ಆ ಎಣ್ಣೆಯನ್ನು. ಈ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದ ಇವತ್ತಿಗೂ ಆಗಿಲ್ಲ.

ಆದರೂ ಅಷ್ಟಕ್ಕೇ ದೇವರು ಸಿಕ್ಕ ಅನ್ನಲಾರೆ. ಮಡಕೆಗೆ ಕುಂಬಾರ ಇದ್ದ ಹಾಗೆ ಜಗತ್ತಿಗೂ ಕರ್ತನೊಬ್ಬ ಇರಬೇಕು ಎಂದು ನ್ಯಾಯ ದರ್ಶನದ ಉದಯನ ಸುಮಾರು ಸಾವಿರ ವರ್ಷದ ಹಿಂದೆ ವಾದಿಸಿದ. ಅದನ್ನು ಒಪ್ಪದವರಲ್ಲಿ ಒಬ್ಬರು ಯಾರು ಗೊತ್ತಾ? ರಾಮಾನುಜಾಚಾರ್ಯರು. ಕುಂಬಾರನನ್ನು ಕಂಡಿದ್ದೇವೆ, ಬೆಟ್ಟ ಕಡಲು ಮಾಡಿದವರನ್ನು ಕಂಡವರಾರು? ಮಾಡಿದವರು ಒಬ್ಬರೇ ಅಂತ ಯಾಕೆ ಇರಬೇಕು? ತರ್ಕದಿಂದ ಈಶ್ವರನನ್ನು ಸಾಧಿಸಲಾಗದು, ಶಾಸ್ತ್ರದಿಂದಲೇ ತಿಳಿಯಬೇಕು ಅಂದರು. ಅವರು ಬಾಳಿದ ತಮಿಳುನಾಡಿನ ಶ್ರೀರಂಗ ಇದೇ ಕಾವೇರಿಯ ದ್ವೀಪ. ಅಷ್ಟು ದೊಡ್ಡ ಭಕ್ತರು ವಾದವನ್ನು ಊರುಗೋಲು ಮಾಡಿಕೊಳ್ಳಲಿಲ್ಲ ಎಂದು ಓದಿದ ದಿನ ನನಗೆ ಎಷ್ಟು ಹಗುರವಾಯಿತು!

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕತ್ತಲಲ್ಲಿ ಬೆಟ್ಟದ ಕಡೆ ಕೈ ತೋರಿಸಿದಳು.

ಏನು ಕೇಳುತ್ತಿದ್ದಾಳೆ ಅಂತ ತಿಳಿಯಿತು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಜರಿದು ಇಲ್ಲಿನ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಕಾವೇರಮ್ಮನ ಸೇವೆಯಲ್ಲೇ ಇದ್ದವರು. ಈ ಕುಂಡಿಕೆ ತುಂಬುವ ಮಳೆಯೇ ಆ ಮಣ್ಣನ್ನೂ ಸಡಿಲಿಸಿದ್ದು. ದೇವರಿಲ್ಲ ಅನ್ನುವವರ ಮಾತುಗಳಲ್ಲಿ ನನಗೆ ಭಾರವಾಗಿ ಕಾಣುವುದು ಇದೊಂದೇ. ಉತ್ತರ ನನ್ನಲ್ಲಿಲ್ಲ. ಕರ್ಮ ಅಂತ ಹೇಳಿ ಮುಗಿಸಲು ಬಾಯಿ ಬರುವುದಿಲ್ಲ. ಅವಳ ಕೈ ಹಿಡಿದುಕೊಂಡೆ, ಇಬ್ಬರೂ ಆ ಕಡೆಗೇ ನೋಡುತ್ತ ನಿಂತೆವು.

ಅಷ್ಟರಲ್ಲಿ "ಜೈ ಜೈ ಮಾತಾ, ಕಾವೇರಿ ಮಾತಾ" ಕೂಗು ಎದ್ದಿತು. ನಾವಿದ್ದಲ್ಲಿಂದ ನೀರು ಉಕ್ಕಿದ್ದು ಕಾಣಲಿಲ್ಲ. ಅರ್ಚಕರು ಎರಚಿದ ತೀರ್ಥದ ಒಂದು ಹನಿ ಅವಳ ಕನ್ನಡಕದ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಹನಿ ಗಾಜಿನ ಮೇಲೆ ಇಳಿದು ಅಂಚಿನಲ್ಲಿ ನಿಂತಿತು, ಅದರೊಳಗೆ ದೀಪಗಳೆಲ್ಲ ತಲೆಕೆಳಗಾಗಿ ಕಂಡವು.

ಬೆಳಗಿನ ಜಾವ ಮನೆಗೆ ಬಂದೆವು. ಕಣಿ ಪೂಜೆಗೆ ಕಾವೇರಮ್ಮನ ರೂಪವಾಗಿ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಅವ್ವನ ಚಿನ್ನದ ಸರ ಹಾಕಿ, ಹೂ ಇಟ್ಟೆವು. ಒಂದು ಬಾಟಲಿ ತೀರ್ಥ ದೇವರ ಮೂಲೆಗೆ ಹೋಯಿತು. ಮನೆಯಲ್ಲಿ ಯಾರದಾದರೂ ಕೊನೆಯುಸಿರಿನ ಹೊತ್ತಿಗೆ ಅದು ಇರಲೇಬೇಕು. ಎದ್ದು ಓಡಾಡಲಾಗದ ಅವ್ವನ ಬಾಯಿಗೆ ಅಣ್ಣನ ಮಗಳೇ ಒಂದು ಚಮಚ ಬಿಟ್ಟಳು.

"ಈ ಸಲ ಎಷ್ಟೊತ್ತಿಗೆ ಬಂದಳು?" ಅವ್ವ ಕೇಳಿದರು.

"ಒಂದೂ ಇಪ್ಪತ್ತೇಳಕ್ಕೆ, ಅಜ್ಜಿ."

"ನಡುರಾತ್ರಿ! ಪಾಪ, ಅಷ್ಟು ಚಳಿಯಲ್ಲಿ," ಅಂದರು ಅವ್ವ, ಕಂಬಳಿ ಎಳೆದುಕೊಳ್ಳುತ್ತ.