ಅಂಧೇರಿಯಲ್ಲಿ ಏಳು ದಿನದ ಬಾಣಂತನ

ಹೋಗುವಾಗ ಮಗಳ ಬಾಣಂತನ ಮಾಡಲು ಹೋಗಿದ್ದೆ. ಬರುವಾಗ ನನ್ನ ಬಾಣಂತನವನ್ನು ಮುಂಬಯಿ ಮಹಾನಗರಪಾಲಿಕೆಯವರು ಮಾಡಿದರು. ಖರ್ಚು ಮಾತ್ರ ನಂದೇ.

ಮಗಳು ಶಾರ್ಜಾದಲ್ಲಿದ್ದಾಳೆ. 2020ರ ಅಕ್ಟೋಬರ್ ಮಧ್ಯದಲ್ಲಿ ಹೋದೆ, ಮೂರು ತಿಂಗಳ ವೀಸಾ. ನವೆಂಬರಿನಲ್ಲಿ ಹೆರಿಗೆ ಆಯಿತು. ನಲವತ್ತು ದಿನ ಅವಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಎಣ್ಣೆ, ಬಿಸಿನೀರು, ಕಷಾಯ, ಕಾಳುಮೆಣಸಿನ ಸಾರು ಅಂತ ನಮ್ಮ ಊರಿನ ಕ್ರಮದಲ್ಲೇ ಎಲ್ಲ ಮಾಡಿದೆ. ಕಿಟಕಿ ಹತ್ತಿರ ನಿಲ್ಲಬೇಡ, ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ, ಮೊಬೈಲ್ ನೋಡಬೇಡ. "ಅಮ್ಮ, ಇದು ಜೈಲು" ಅಂತ ಅವಳು, "ನಲವತ್ತು ದಿನ ತಾನೇ, ನಾನೂ ಇರ್ಲಿಲ್ವಾ" ಅಂತ ನಾನು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜನವರಿ 9ಕ್ಕೆ ಮುಂಬಯಿಗೆ ಟಿಕೆಟ್ ಮಾಡಿ ಆಗಿತ್ತು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಕೊರೋನಾದ ಹೊಸ ತಳಿ ಕಾಣಿಸಿತು ಅಂತ ಸುದ್ದಿ ಬಂತು. ಡಿಸೆಂಬರ್ 21ರಂದು ಮಹಾರಾಷ್ಟ್ರ ಸರ್ಕಾರ ಆದೇಶ ಹೊರಡಿಸಿತು, ಯುರೋಪಿನಿಂದ ಬಂದವರು, ಗಲ್ಫಿನಿಂದ ಬಂದವರು ಎಲ್ಲರೂ ಕಡ್ಡಾಯ ಕ್ವಾರಂಟೈನ್. ಮೊದಲು 14 ದಿನ ಅಂದರು. ಆಮೇಲೆ ಏಳು ದಿನ ಹೋಟೆಲು, ಟೆಸ್ಟ್ ನೆಗೆಟಿವ್ ಬಂದರೆ ಇನ್ನೇಳು ದಿನ ಮನೆ ಅಂತಾಯಿತು. ಊರಿನಿಂದ ಅಣ್ಣ ಫೋನ್ ಮಾಡಿ, "ಮಂಗಳೂರಿಗೇ ಇಳಿ ಮಾರಾಯ್ತಿ, ಇಲ್ಲಿ ಹೋಟೆಲ್ ಗೀಟೆಲ್ ಎಂತ ಇಲ್ಲ" ಅಂದ. ಆದರೆ ನನ್ನ ಮನೆ ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಇವರು ಮೂರು ತಿಂಗಳಿಂದ ಒಬ್ಬರೇ ಬೇಯಿಸಿಕೊಂಡು ತಿನ್ನುತ್ತಿದ್ದಾರೆ. ಬಂದದ್ದು ಬರಲಿ ಅಂತ ಹತ್ತಿದೆ.

ದುಬೈನಿಂದ ಮುಂಬಯಿಗೆ ವಿಮಾನದಲ್ಲಿ ಮೂರು ಗಂಟೆ. ಇಳಿದ ಮೇಲೆ ಹೊರಗೆ ಬರಲು ನಾಲ್ಕು ಗಂಟೆ. ಮಧ್ಯರಾತ್ರಿ ಕಳೆದಿತ್ತು, ಟರ್ಮಿನಲ್ ಎರಡರ ಆ ದೊಡ್ಡ ಹಾಲಿನಲ್ಲಿ ಸಾಲಿನ ಮೇಲೆ ಸಾಲು. ಕಾಗದ ತೋರಿಸು, ಹಣೆಗೆ ಬಿಸಿ ನೋಡಿಸು, ಹೋಟೆಲ್ ಆರಿಸು. 65 ದಾಟಿದವರಿಗೆ, ಬಸುರಿಯರಿಗೆ, ಐದು ವರ್ಷದ ಒಳಗಿನ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ವಿನಾಯಿತಿ ಅಂತ ಗೊತ್ತಾಯಿತು. ನನಗೆ 61. ಜೀವನದಲ್ಲಿ ಮೊದಲನೇ ಸಲ ವಯಸ್ಸು ಕಡಿಮೆ ಆಯಿತಲ್ಲ ಅಂತ ಬೇಜಾರಾಯಿತು. ಪಕ್ಕದ ಸಾಲಿನಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ "ಸೆಟ್ಟಿಂಗ್ ಆಗತ್ತಾ ನೋಡೋಣ" ಅನ್ನುತ್ತಿದ್ದ. ಸೆಟ್ಟಿಂಗ್ ಆಯಿತೋ ಇಲ್ಲವೋ, ನಮ್ಮ ಬಸ್ಸಿನಲ್ಲಂತೂ ಅವನು ಇರಲಿಲ್ಲ.

ಹೋಟೆಲ್ ಆರಿಸುವುದು ಅಂದರೆ ಒಂದು ಪಟ್ಟಿ ಕೈಗೆ ಕೊಟ್ಟರು. ಐದು ನಕ್ಷತ್ರದ್ದೂ ಇತ್ತು, ನಕ್ಷತ್ರವೇ ಇಲ್ಲದ್ದೂ ಇತ್ತು. ಮೂರು ಹೊತ್ತು ಊಟ ಸೇರಿ ದಿನಕ್ಕೆ 2,500 ರೂಪಾಯಿಯ ಒಂದು ಹೋಟೆಲಿಗೆ ಬೆರಳು ಇಟ್ಟೆ, ಅದು ಅಂಧೇರಿ ಪೂರ್ವದಲ್ಲಿ, ಮರೋಳ್ ಕಡೆ, ಏರ್‌ಪೋರ್ಟಿನಿಂದ ಹತ್ತು ನಿಮಿಷದ ದಾರಿ. ಆದರೆ ಕರೆದುಕೊಂಡು ಹೋಗಿದ್ದು ಬೆಸ್ಟ್, ಅಂದರೆ ಮುಂಬಯಿಯ ಸಿಟಿ ಬಸ್ಸು. ಅದೇ ಕೆಂಪು ಬಸ್ಸು, ನಾನು ಮದುವೆಯಾಗಿ ಬಂದಾಗ ಇವರ ಜೊತೆ ಮೊದಲು ಹತ್ತಿದ್ದು. ಒಂದು ಸೀಟಿಗೆ ಒಬ್ಬರು. ಒಬ್ಬೊಬ್ಬರನ್ನು ಒಂದೊಂದು ಹೋಟೆಲಿನ ಬಾಗಿಲಿಗೆ ಇಳಿಸಿ, ಸಹಿ ಹಾಕಿಸಿ, ಮುಂದೆ ಹೋಗಿ, ಕೊನೆಗೆ ನನ್ನನ್ನು ಇಳಿಸುವಾಗ ಬೆಳಕು ಹರಿದಿತ್ತು. ರಸ್ತೆಯಲ್ಲಿ ಒಬ್ಬ ಸೈಕಲ್ಲಿಗೆ ಪಾವ್ ಚೀಲ ಕಟ್ಟಿಕೊಂಡು ಹೋಗುತ್ತಿದ್ದ. ಮೂರು ತಿಂಗಳಾದ ಮೇಲೆ ಆ ವಾಸನೆ. ಇಳಿದು ಎರಡು ಪಾವ್ ತಗೊಳ್ಳಲಾ ಅಂತ ಕೇಳಿದ್ದಕ್ಕೆ ಬಸ್ಸಿನ ಮನುಷ್ಯ ನನ್ನ ಮುಖವನ್ನೇ ನೋಡಿದ.

ಐದನೇ ಮಹಡಿ. ಕೋಣೆ ಚೆನ್ನಾಗಿಯೇ ಇತ್ತು, ಸುಮ್ನೆ ದೂರಬಾರದು. ಹಾಸಿಗೆ, ಟಿವಿ, ನೀರು ಕಾಯಿಸುವ ಕೆಟಲ್, ಒಂದು ಕಿಟಕಿ. ಕಿಟಕಿ ತೆರೆಯುವುದಿಲ್ಲ. ಏಳು ದಿನ ಕೋಣೆ ಗುಡಿಸಲು ಯಾರೂ ಒಳಗೆ ಬರುವುದಿಲ್ಲ. ಹಾಸಿಗೆ ಬಟ್ಟೆ ಬೇಕಿದ್ದರೆ ಹೊರಗಿನ ಕುರ್ಚಿಯ ಮೇಲೆ ಇಡುತ್ತಾರೆ, ಕಸವನ್ನು ಹಳದಿ ಚೀಲದಲ್ಲಿ ಕಟ್ಟಿ ನಾವೇ ಹೊರಗಿಡಬೇಕು. ಬಟ್ಟೆ ಒಗೆಯಲು ಕೊಡುವಂತಿಲ್ಲ. ಬಾತ್‌ರೂಮಿನಲ್ಲಿ ಒಗೆದು, ಕುರ್ಚಿ ಬೆನ್ನಿಗೆ, ಟಿವಿ ಮೂಲೆಗೆ, ದೀಪದ ಕಂಬಕ್ಕೆ ಹರಡಿದೆ. ಎರಡನೇ ದಿನಕ್ಕೆ ಆ ಕೋಣೆ ಸಾಲುಮನೆಗಳ ಚಾಳಿನ ಗ್ಯಾಲರಿ ಥರ ಆಯಿತು.

ಊಟದ್ದೇ ಒಂದು ಕ್ರಮ. ಯಾರೋ ಬಂದು ಕುರ್ಚಿಯ ಮೇಲೆ ಪೊಟ್ಟಣ ಇಡುತ್ತಾರೆ, ಬಾಗಿಲು ಎರಡು ಸಲ ಬಡಿಯುತ್ತಾರೆ, ಓಡುತ್ತಾರೆ. ನಾವು ಒಂದರಿಂದ ಹತ್ತು ಎಣಿಸಿ, ಮಾಸ್ಕ್ ಹಾಕಿಕೊಂಡು, ಬಾಗಿಲು ತೆಗೆಯಬೇಕು. ಅಷ್ಟರಲ್ಲಿ ಓಣಿಯಲ್ಲಿ ಯಾರೂ ಇರುವುದಿಲ್ಲ. ಎದುರು ಬಾಗಿಲು, ಅದರ ಮುಂದೆ ಒಂದು ಕುರ್ಚಿ, ಅದರ ಪಕ್ಕದ ಬಾಗಿಲು, ಅದರ ಮುಂದೂ ಒಂದು ಕುರ್ಚಿ. ಚಿಕ್ಕವಳಿದ್ದಾಗ ಅಜ್ಜಿ ಮನೆಯಲ್ಲಿ ಹೊರಗೆ ಕೂತಾಗ ಹೀಗೇ ಮಾಡುತ್ತಿದ್ದರು. ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಮೂರು ದಿನ, ಬಾಳೆಲೆ ಇಟ್ಟು ಮೇಲಿಂದ ಅನ್ನ ಬೀಳಿಸುವುದು, ಮೈ ತಾಗಬಾರದು. ನಾನು ಆಗ ಎಷ್ಟು ಅಳುತ್ತಿದ್ದೆ! ಈಗ ಐದನೇ ಮಹಡಿಯಲ್ಲಿ ಎಲ್ಲರೂ ಹೊರಗೆ ಕೂತವರೇ, ಗಂಡಸರೂ. ಎದುರು ಕೋಣೆಯ ಗಡ್ಡದವರೊಬ್ಬರು ಪೊಟ್ಟಣ ತೆಗೆದುಕೊಳ್ಳಲು ಬಗ್ಗಿದ್ದನ್ನು ನೋಡಿ ನನಗೆ ಒಳಗೇ ನಗು ಬಂತು.

ಪೊಟ್ಟಣದೊಳಗೆ ಬೆಳಿಗ್ಗೆ ಪೋಹೆ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಪನೀರಿನ ಗ್ರೇವಿ, ದಾಲ್, ಅನ್ನ, ಎರಡು ಚಪಾತಿ. ರಾತ್ರಿ ಅದೇ, ಗ್ರೇವಿಯ ಬಣ್ಣ ಮಾತ್ರ ಬೇರೆ. ಆರಿ ತಣ್ಣಗಾಗಿ ಚಪಾತಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಮೂರನೇ ದಿನ ಹೊಟ್ಟೆ ಕೈಕೊಟ್ಟಿತು. ಮಗಳಿಗೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ, ನಮ್ಮ ಕುಂದಾಪ್ರ ಮಾತಿನಲ್ಲಿ. ಬಾಗಿಲು ಅರ್ಧ ತೆರೆದಿತ್ತು, ಪೊಟ್ಟಣ ಎತ್ತಿಕೊಳ್ಳುತ್ತಿದ್ದೆ. ಓಣಿಯ ಆ ತುದಿಯಲ್ಲಿ ಟ್ರೇ ಹಿಡಿದು ಹೋಗುತ್ತಿದ್ದ ಹುಡುಗ ನಿಂತ. ಮುಖದ ತುಂಬ ಪ್ಲಾಸ್ಟಿಕ್, ಕಣ್ಣು ಮಾತ್ರ ಕಾಣುತ್ತಿದೆ.

"ಅಮ್ಮ, ನೀವು ಕುಂದಾಪ್ರ ಬದಿಯವ್ರಾ?"

"ಹೌದು ಮಗ, ಕೋಟದ ಹತ್ರ."

"ನಂದು ಬೈಂದೂರು."

ಅಷ್ಟೇ. ನಿಂತು ಮಾತಾಡುವ ಹಾಗಿರಲಿಲ್ಲ, ಹೋದ. ಮುಂಬಯಿಯಲ್ಲಿ ಯಾವ ಹೋಟೆಲಿಗೆ ಹೋದರೂ ನಮ್ಮ ಕಡೆಯವರು ಒಬ್ಬರಾದರೂ ಇರುತ್ತಾರೆ, ಇದೇನು ಹೊಸತಲ್ಲ. ಆದರೆ ಆವತ್ತು ರಾತ್ರಿ ಪೊಟ್ಟಣದ ಪಕ್ಕ ಒಂದು ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಕುಚ್ಚಲಕ್ಕಿ ಗಂಜಿ! ಬಿಸಿ ಇತ್ತು. ಕಾಳು ಕಾಳಾಗಿ, ಕೆಂಪಗೆ, ತಿಳಿ ಮೇಲೆ ನಿಂತಿತ್ತು. ಪಕ್ಕದಲ್ಲಿ ಕಾಗದದ ಮೇಲೆ ಒಂದು ಹೋಳು ಮಿಡಿ ಉಪ್ಪಿನಕಾಯಿ. ಇಂಟರ್‌ಕಾಮ್ ಹೊಡೆಯಿತು. "ನಮ್ಮ ಸ್ಟಾಫಿನ ಊಟ ಅಮ್ಮ. ಯಾರಿಗೂ ಹೇಳ್ಬೇಡಿ." ಅದಕ್ಕೇ ಹೋಟೆಲಿನ ಹೆಸರು ಬರೆದಿಲ್ಲ. ಆಮೇಲೆ ದಿನಾ ರಾತ್ರಿ ಅದೇ ಡಬ್ಬಿ. ತೊಳೆದು ಕುರ್ಚಿಯ ಮೇಲಿಟ್ಟರೆ ಮರುದಿನ ತುಂಬಿ ಬರುತ್ತಿತ್ತು. ನಾನು ಮಗಳಿಗೆ ಬೆಳಗಿನ ಹೊತ್ತು ಮೆಂತೆ ಗಂಜಿ ಕುಡಿಸುವಾಗ "ಇನ್ನೊಂದು ಲೋಟ" ಅಂತ ಗದರಿದ್ದು ನೆನಪಾಯಿತು. ನನಗಂತೂ ಯಾರೂ ಗದರಬೇಕಾಗಿರಲಿಲ್ಲ.

ಹೊತ್ತು ಹೇಗೆ ಹೋಗುತ್ತಿತ್ತು ಅಂತ ಎಲ್ಲರೂ ಕೇಳುತ್ತಾರೆ. ಕಿಟಕಿಯ ಕೆಳಗೆ ಮೆಟ್ರೋ ಹೋಗುತ್ತಿತ್ತು, ವರ್ಸೋವಾದಿಂದ ಘಾಟ್‌ಕೋಪರಿಗೆ ಹೋಗುವ ನಾಲ್ಕು ಡಬ್ಬಿಯ ಗಾಡಿ. ಆ ಕಡೆ ವಿಮಾನ ಇಳಿಯುತ್ತಿತ್ತು. ಎರಡನ್ನೂ ಎಣಿಸಿದೆ, ಬೇಜಾರು ಬಂದು ಬಿಟ್ಟೆ. ಜನವರಿ 11ರಂದು ಬೆಳಿಗ್ಗೆ ಐದು ಗಂಟೆಗೇ ಇವರು ಫೋನ್ ಮಾಡಿ ಎಬ್ಬಿಸಿದರು, ಸಿಡ್ನಿ ಟೆಸ್ಟಿನ ಕೊನೇ ದಿನ, ಟಿವಿ ಹಾಕು ಅಂತ. ನನಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಆದರೂ ಹಾಕಿದೆ, ಮಾಡಲು ಬೇರೇನಿತ್ತು? ಪಂತ್ ಹೊಡೆಯುವ ತನಕ ಮಜಾ ಇತ್ತು, 97ಕ್ಕೆ ಔಟಾದ. ಆಮೇಲೆ ವಿಹಾರಿ ಮತ್ತು ಅಶ್ವಿನ್. ಒಬ್ಬನಿಗೆ ತೊಡೆಯ ನೋವು, ಇನ್ನೊಬ್ಬನಿಗೆ ಬೆನ್ನು ನೋವು. ಓಡಲಿಕ್ಕೆ ಆಗದು, ಬಿಟ್ಟು ಹೋಗುವ ಹಾಗಿಲ್ಲ, ಸುಮ್ನೆ ನಿಂತಿದ್ದರು. 161 ಚೆಂಡು ಆಡಿ ವಿಹಾರಿ ಮಾಡಿದ್ದು 23 ರನ್ನು. ಇವರು ಫೋನಿನಲ್ಲಿ "ಏನು ಆಟ, ಏನು ಆಟ" ಅನ್ನುತ್ತಿದ್ದರು. ಇಡೀ ಬೆಳಗು ಫೋನ್ ಇಡಲೇ ಇಲ್ಲ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನಾವಿಬ್ಬರೂ ಒಂದು ಮ್ಯಾಚನ್ನು ಪೂರ್ತಿ ಜೊತೆಯಲ್ಲಿ ನೋಡಿದ್ದು ಅದೇ ಮೊದಲು, ಅದೂ ಬೇರೆ ಬೇರೆ ಮನೆಯಲ್ಲಿ ಕೂತು.

ಕ್ವಾರಂಟೈನ್ ಅನ್ನುವ ಮಾತು ಎಲ್ಲಿಂದ ಬಂತು ಅಂತ ಅಳಿಯ ಹೇಳಿದ. ಪ್ಲೇಗಿನ ಕಾಲದಲ್ಲಿ ವೆನಿಸ್‌ನವರು ಹೊರಗಿಂದ ಬಂದ ಹಡಗನ್ನು ದಡಕ್ಕೆ ಬಿಡದೆ ದೂರ ನಿಲ್ಲಿಸುತ್ತಿದ್ದರಂತೆ. ಎಷ್ಟು ದಿನ? ನಲವತ್ತು. ಅಲ್ಲಿಯ ಭಾಷೆಯಲ್ಲಿ ನಲವತ್ತಕ್ಕೆ ಇರುವ ಪದದಿಂದಲೇ ಈ ಹೆಸರು. ಮಗಳು ಹಿಂದಿನಿಂದ ಕಿರುಚಿದಳು, "ನೋಡಮ್ಮ! ನಾನು ಹೇಳಿರ್ಲಿಲ್ವಾ!" ಅಂತ. ಆಮೇಲೆ ವಿಡಿಯೋದಲ್ಲಿ ನನ್ನನ್ನು ನೋಡಿ ಬೇಕಂತಲೇ ಗಂಭೀರವಾಗಿ, "ಕಿಟಕಿ ಹತ್ರ ನಿಲ್ಬೇಡ, ಗಾಳಿ ಬಡಿಯತ್ತೆ. ತಲೆಗೆ ಬಟ್ಟೆ ಕಟ್ಕೋ. ಮೊಬೈಲ್ ಜಾಸ್ತಿ ನೋಡ್ಬೇಡ" ಅಂದಳು. ತೆರೆಯದ ಕಿಟಕಿಯಿಂದ ಎಂಥ ಗಾಳಿ! ನಾನು ಬಯ್ಯಲು ಬಾಯಿ ತೆರೆದೆ, ಏನೂ ಸಿಗಲಿಲ್ಲ. ಅವಳ ತೊಡೆಯ ಮೇಲೆ ಮಗು ಆಕಳಿಸುತ್ತಿತ್ತು.

ಆರನೇ ದಿನ, ಅಂದರೆ 14ಕ್ಕೆ, ಸಂಕ್ರಾಂತಿ. ಟೆಸ್ಟಿನವರು ಬಂದದ್ದೂ ಆವತ್ತೇ. ಅಡಿಯಿಂದ ಮುಡಿಯ ತನಕ ಬಿಳಿ ಬಟ್ಟೆ ಹಾಕಿಕೊಂಡ ಇಬ್ಬರು, ಬಾಗಿಲಲ್ಲೇ ನಿಲ್ಲಿಸಿ ಮೂಗಿನೊಳಗೆ ಕಡ್ಡಿ ಹಾಕಿದರು. ಕಣ್ಣಲ್ಲಿ ನೀರು ಬಂತು. ಸಾವಿರ ರೂಪಾಯಿಯ ಒಳಗೇ ಮುಗಿಯಿತು ಅನ್ನುವುದೊಂದು ಸಮಾಧಾನ. ಹೋದಮೇಲೆ ಕಿಟಕಿಯಲ್ಲಿ ನಿಂತೆ. ದೂರದ ಚಾಳಿನ ಮಾಡಿನ ಮೇಲೆ ಹುಡುಗರು ಗಾಳಿಪಟ ಬಿಡುತ್ತಿದ್ದರು.

ಅಷ್ಟರಲ್ಲಿ ಫೋನ್. ನಾದಿನಿ. "ಅತ್ತಿಗೆ, ಕೆಳಗೆ ನೋಡಿ."

ನಂಬುತ್ತೀರಾ, ಡೊಂಬಿವಲಿಯಿಂದ ಬಂದಿದ್ದಳು! ಆಗ ಲೋಕಲ್ ಟ್ರೈನಿನಲ್ಲಿ ಎಲ್ಲರಿಗೂ ಹತ್ತಲು ಬಿಡುತ್ತಿರಲಿಲ್ಲ. ಹೆಂಗಸರಿಗೆ ಮಾತ್ರ ಅಕ್ಟೋಬರಿನಿಂದ ಬಿಟ್ಟಿದ್ದರು, ಅದೂ ಹನ್ನೊಂದರಿಂದ ಮೂರು ಗಂಟೆ ತನಕ, ಮತ್ತೆ ರಾತ್ರಿ ಏಳರ ಮೇಲೆ. ಹಾಗಾಗಿ ಇವರು ಬರುವ ಹಾಗಿರಲಿಲ್ಲ, ತಂಗಿಯನ್ನು ಕಳಿಸಿದ್ದರು. ಅವಳು ಹನ್ನೊಂದರ ಮೇಲೆ ಟ್ರೈನ್ ಹತ್ತಿ, ಘಾಟ್‌ಕೋಪರಿನಲ್ಲಿ ಇಳಿದು, ನಾನು ಎಣಿಸುತ್ತಿದ್ದ ಅದೇ ಮೆಟ್ರೋ ಹಿಡಿದು ಬಂದಿದ್ದಳು. ಫುಟ್‌ಪಾತಿನಲ್ಲಿ ನಿಂತು ಹಸಿರು ಸೀರೆಯ ಸೆರಗು ಬೀಸುತ್ತಿದ್ದಳು. ಐದನೇ ಮಹಡಿಯಿಂದ ನಾನು ಒಗೆದ ಟವೆಲು ಬೀಸಿದೆ. ಅವಳಿಗೆ ಯಾವ ಕಿಟಕಿ ಅಂತ ಗೊತ್ತಾಗಲಿಲ್ಲ. ಎದುರು ಬಿಲ್ಡಿಂಗಿನ ಯಾರಿಗೋ ಕೈ ಬೀಸಿ, ಅವರೂ ಕೈ ಬೀಸಿ, ಒಟ್ಟಿನಲ್ಲಿ ಹಬ್ಬ ಆಯಿತು.

ಅವಳು ತಂದ ಡಬ್ಬಿಯಲ್ಲಿ ಎಳ್ಳುಂಡೆ ಇತ್ತು. ನಮ್ಮ ಕಡೆ ಸಂಕ್ರಾಂತಿಗೆ ಎಳ್ಳುಂಡೆ ಹಂಚುವ ಗಡಿಬಿಡಿ ಇಲ್ಲ. ಅದು ಪಕ್ಕದ ಮನೆಯ ಮರಾಠಿ ಅಜ್ಜಿಯದ್ದು, ಪ್ರತಿ ವರ್ಷ ನನ್ನ ಕೈಗೆ ಹಾಕಿ "ತಿಳ್‌ಗುಳ್ ಘ್ಯಾ, ಗೋಡ್ ಬೋಲಾ" ಅನ್ನುತ್ತಾರೆ, ಎಳ್ಳು ಬೆಲ್ಲ ತಗೊಳ್ಳಿ, ಸಿಹಿಯಾಗಿ ಮಾತಾಡಿ. ಹೊರಗಿನ ತಿಂಡಿ ಒಳಗೆ ಬಿಡುವ ಹಾಗಿಲ್ಲ ಅಂತ ಕೆಳಗೆ ಅಡ್ಡಿ ಮಾಡಿದರಂತೆ. ನಾದಿನಿ ಹದಿನೈದು ನಿಮಿಷ ಸಿಹಿಯಾಗಿ ಮಾತಾಡದೆ ಜಗಳವಾಡಿದ ಮೇಲೆ ಬೈಂದೂರಿನ ಹುಡುಗ ಮಧ್ಯೆ ಬಂದು ಡಬ್ಬಿಗೆ ಸ್ಯಾನಿಟೈಸರ್ ಹೊಡೆದು ತಂದಿಟ್ಟ. ಎರಡು ಉಂಡೆ ಅವನಿಗೆ, ತೊಳೆದ ಸ್ಟೀಲ್ ಡಬ್ಬಿಯಲ್ಲೇ.

ಮರುದಿನ ನೆಗೆಟಿವ್ ಬಂತು. 16ರ ಬೆಳಿಗ್ಗೆ ಚೀಲ ಕಟ್ಟುತ್ತಿದ್ದೆ, ಟಿವಿಯಲ್ಲಿ ಪ್ರಧಾನಿ ಲಸಿಕೆ ಅಭಿಯಾನ ಶುರು ಮಾಡುತ್ತಿದ್ದರು. ಕೆಳಗೆ ಎಡಗೈ ಹಿಂದೆ ಸೀಲು ಹೊಡೆದರು, ಮನೆಯಲ್ಲಿ ಇರಬೇಕಾದ ತಾರೀಖು ಹಾಕಿ. ಹೀಗೆ ಸೀಲು ಹೊಡೆಯಲು ವೋಟಿನ ಶಾಯಿ ಬಳಸಲು 2020ರ ಮಾರ್ಚಿನಲ್ಲೇ ಚುನಾವಣಾ ಆಯೋಗ ಒಪ್ಪಿಗೆ ಕೊಟ್ಟಿತ್ತು, ಆ ಶಾಯಿ ಮಾಡುವುದು ನಮ್ಮ ಮೈಸೂರಿನಲ್ಲಿ. ಹುಡುಗನ ಡ್ಯೂಟಿ ಮಧ್ಯಾಹ್ನದಿಂದ ಅಂತೆ. ಅವನ ಮುಖ ನಾನು ಕೊನೆಗೂ ನೋಡಲಿಲ್ಲ.

ಟ್ಯಾಕ್ಸಿ ಪೊವಾಯಿ ಕೆರೆ ದಾಟಿ, ಐರೋಲಿ ಸೇತುವೆ ಹತ್ತಿತು. ಗಾಜು ಇಳಿಸಿ ಮುಖ ಹೊರಗೆ ಹಾಕಿ ಕೂತೆ. ಕಡಲ ಖಾಡಿಯ ಕೆಸರಿನ ವಾಸನೆ, ಲಾರಿಯ ಹೊಗೆ. ಮಗಳು ನೋಡಿದ್ದರೆ ಗಾಳಿ ಬಡಿಯತ್ತೆ ಅನ್ನುತ್ತಿದ್ದಳು.

ಮನೆಯಲ್ಲಿ ಇವರು ಮಲಗುವ ಕೋಣೆಯನ್ನು ನನಗೆ ಬಿಟ್ಟು ಹಾಲಿಗೆ ಬಂದಿದ್ದರು. ಬಾಗಿಲ ಹೊರಗೆ ಒಂದು ಸ್ಟೂಲು. ಸಂಜೆ ಅದರ ಮೇಲೆ ಚಹಾ ಇಟ್ಟು ಎರಡು ಸಲ ಬಡಿದು ಹೋದರು. ನಾನು ಅಭ್ಯಾಸಬಲದಿಂದ ಹತ್ತು ಎಣಿಸಿ ಬಾಗಿಲು ತೆಗೆದೆ. ಒಂದು ಗುಟುಕು ಕುಡಿದು ನೋಡಿದರೆ ಸಕ್ಕರೆಯೇ ಇಲ್ಲ.

"ರೀ!" ಅಂತ ಕೂಗಿದೆ.