ಸೆರಗು ಯಾವ ಹೆಗಲ ಮೇಲೆ

ನಾನು ಭರತನಾಟ್ಯ ಕಲಿತದ್ದು ಮೈಸೂರಿನಲ್ಲಿ. ಈಗ ಕಲಿಸುತ್ತಿರುವುದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಕೇಳಿ ಬಂದ ಪತ್ರದಲ್ಲಿ, ಪರದೇಶದಲ್ಲಿ ಎರಡು ಸಂಸ್ಕೃತಿಗಳ ನಡುವೆ ಬದುಕುವ ಕಲಾವಿದೆಯ ಅನುಭವವನ್ನು ಬರೆಯಿರಿ ಎಂದು ಪ್ರೀತಿಯಿಂದ ಸೂಚಿಸಿದ್ದರು. ಆದರೆ ಆ ಅನುಭವ ನನಗೆ ಮೊದಲು ಎದುರಾದದ್ದು ಪರದೇಶದಲ್ಲಲ್ಲ, ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ.

ನನ್ನ ಕೋಣೆಯ ಗೆಳತಿ ಬೈಲುಕುಪ್ಪೆಯವಳು. 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಕಾಡು ಕಡಿದು ನೆಲೆಸಿದ ಶಿಬಿರದಲ್ಲಿ ಹುಟ್ಟಿದವಳು. ಪಿರಿಯಾಪಟ್ಟಣದ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಸೊಗಸಾದ ಕನ್ನಡ ಅವಳದು. ಟಿಬೆಟನ್ನರ ಹೊಸ ವರ್ಷದ ಲೋಸಾರ್ ಹಬ್ಬ ಬಂದರೆ ಹಾಸ್ಟೆಲಿನ ತಾರಸಿಯ ಮೇಲೆ ಅವಳೂ ಅವಳ ಊರಿನ ಹುಡುಗಿಯರೂ ಉದ್ದ ತೋಳಿನ ಅಂಗಿ ತೊಟ್ಟು, ವೃತ್ತವಾಗಿ ನಿಂತು ಗೋರ್ಶೆ ಕುಣಿಯುತ್ತಿದ್ದರು. ನಾವೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆವು. ಕೊನೆಕೊನೆಗೆ ನಮ್ಮನ್ನೂ ಎಳೆದುಕೊಳ್ಳುತ್ತಿದ್ದರು. ಕಾಣದ ನಾಡಿನ ಕುಣಿತ ನಿನ್ನದು ಅನ್ನಿಸುವುದು ಹೇಗೆ ಎಂದು ಒಮ್ಮೆ ಕೇಳಿದೆ. "ಅಜ್ಜಿ ನನ್ನ ಕೈ ಹಿಡಿದು ಕಲಿಸಿದಳಲ್ಲ, ಇನ್ಯಾರದು ಅದು?" ಎಂದಳು. ಕಾಲೇಜು ದಿನಾಚರಣೆಯ ಕೋಲಾಟದ ತಂಡದಲ್ಲಿ ತಾಳ ತಪ್ಪದೆ ಮುಂದೆ ನಿಲ್ಲುತ್ತಿದ್ದವಳೂ ಅವಳೇ. ಒಂದು ಕುಣಿತ ಇನ್ನೊಂದನ್ನು ತಳ್ಳಿ ಜಾಗ ಮಾಡಿಕೊಂಡದ್ದನ್ನು ಅವಳಲ್ಲಿ ನಾನು ಎಂದೂ ಕಾಣಲಿಲ್ಲ.

ಮಧ್ಯಾಹ್ನ ತರಗತಿ ಮುಗಿದರೆ ನಾನು ಗುರುಗಳ ಮನೆಗೆ ಓಡುತ್ತಿದ್ದೆ. ಅವರದು ಮೈಸೂರು ಬಾನಿ, ಅಂದರೆ ಭರತನಾಟ್ಯದ ಮೈಸೂರು ಶೈಲಿ. ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ, ಅವರಿಂದ ನಮ್ಮ ಗುರುಗಳಿಗೆ ಇಳಿದು ಬಂದ ವಿದ್ಯೆ. ಈ ಬಾನಿಯಲ್ಲಿ ಅಭಿನಯವೇ ಪ್ರಾಣ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಪ್ರತಿ ಸಲವೂ ನರ್ತಕಿ ಅದೇ ಸಾಲಿಗೆ ಹೊಸ ಸಂಚಾರಿ, ಅಂದರೆ ಅದರ ಭಾವವನ್ನು ಬಿಡಿಸಿ ತೋರಿಸುವ ಹೊಸ ಅಭಿನಯ, ಹುಡುಕಬೇಕು. ಕುಳಿತಲ್ಲೇ ಕುಳಿತು, ಬರೀ ಕಣ್ಣು, ಹುಬ್ಬು, ಕೊರಳಿನಲ್ಲಿ ನಾಯಿಕೆಯ ಮುನಿಸನ್ನು ತೋರಿಸಬೇಕು. "ಪುಸ್ತಕದಲ್ಲಿ ಹುಡುಕಬೇಡ, ನಿನ್ನ ಮನೆಯ ಹೆಂಗಸರನ್ನು ನೋಡು" ಎನ್ನುತ್ತಿದ್ದರು ಗುರುಗಳು. ನನ್ನ ಅತ್ತೆ ಸಿಟ್ಟು ಬಂದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದ ರೀತಿ ಹಾಗೆಯೇ ನನ್ನ ಜಾವಳಿಯೊಳಗೆ, ಆ ಶೃಂಗಾರದ ಹಾಡಿನ ಅಭಿನಯದೊಳಗೆ, ಬಂದು ಸೇರಿತು.

ವೆಂಕಟಲಕ್ಷಮ್ಮನವರ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಏಕೆಂದರೆ ಈಗಿನ ವಿದ್ಯಾರ್ಥಿಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ. 1906ರಲ್ಲಿ ಕಡೂರಿನ ಬಳಿಯ ತಂಗಲಿ ತಾಂಡಾದಲ್ಲಿ, ಲಂಬಾಣಿ ಕುಟುಂಬದಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ಮೈಸೂರಿಗೆ ಬಂದು ತಾಯಮ್ಮನವರ ಕೈಗೆ ಸೇರಿದರು. ಅರಮನೆಯ ಆಸ್ಥಾನ ನರ್ತಕಿಯಾದರು, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಲು ನಿಂತರು, 1992ರಲ್ಲಿ ಪದ್ಮಭೂಷಣರಾದರು. ತಾಂಡಾದ ಮಾತು ಬೇರೆ, ಅರಮನೆಯ ಮಾತು ಬೇರೆ. ಅಭಿನಯಿಸಬೇಕಾದದ್ದು ಸಂಸ್ಕೃತದ ಅಮರುಕನ ಶ್ಲೋಕ, ತೆಲುಗಿನ ಕ್ಷೇತ್ರಯ್ಯನ ಪದ, ಕನ್ನಡದ ಜಾವಳಿ. ಇಷ್ಟೆಲ್ಲವನ್ನೂ ದಾಟಿ ಬಂದ ಹುಡುಗಿಯೊಬ್ಬಳು ಮೈಸೂರು ಬಾನಿಯ ಮುಖವೇ ಆದಳು. ಈ ಮಣ್ಣಿನ ಅಪ್ಪಟ ಕಲೆ ಎಂದು ನಾವು ಎದೆಯುಬ್ಬಿಸಿ ಹೇಳುವಾಗ ಆ ತಾಂಡಾವನ್ನೂ ನೆನೆಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ ಅವರೂ ಹಾಗೆಯೇ: ತಂದೆ ರಜಪೂತರು, ತಾಯಿ ಬರ್ಮಾದವರು. 1939ರಲ್ಲೇ ಲಂಡನ್ನಿನ ರಂಗದ ಮೇಲೆ ಕುಣಿದು, ಮುಂದೆ ಇಂಗ್ಲೆಂಡಿನಲ್ಲೇ ನೆಲೆಸಿ, 2003ರಲ್ಲಿ ಅಲ್ಲೇ ತೀರಿಕೊಂಡರು.

ಮದುವೆಯ ನಂತರ ಲೆಸ್ಟರಿಗೆ ಬಂದಾಗ ಇದನ್ನೆಲ್ಲ ನಾನು ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ. ಮೊದಲ ವರ್ಷಗಳು ಕಷ್ಟದವು. ಇಲ್ಲಿನ ಸಮಾರಂಭಗಳಿಗೆ ಕರೆದವರು ಬಣ್ಣ ಚೆನ್ನಾಗಿರಲಿ, ಐದು ನಿಮಿಷ ಮೀರದಿರಲಿ ಎನ್ನುತ್ತಿದ್ದರು. ಇಡೀ ಭಾರತದ ಪರವಾಗಿ ನಾನು ಆ ಐದು ನಿಮಿಷ ನಗುತ್ತಾ ನಿಲ್ಲಬೇಕಿತ್ತು. ರಜೆಗೆ ಊರಿಗೆ ಹೋದರೆ ಪರಿಚಯದ ಹಿರಿಯರೊಬ್ಬರು ನನ್ನ ಅಭಿನಯ ನೋಡಿ, "ಅಲ್ಲಿಯ ಗಾಳಿ ತಗುಲಿದೆ" ಎಂದರು. ಲೆಸ್ಟರಿನಲ್ಲಿ ನಾನು ಪೂರ್ತಿ ಭಾರತ, ಊರಿನಲ್ಲಿ ಅರ್ಧ ಇಂಗ್ಲೆಂಡ್. ಆ ಮಾತು ಬಹಳ ದಿನ ನೋಯಿಸಿತು. ಗೆಜ್ಜೆ ಕಟ್ಟಿಕೊಂಡ ಮೇಲೂ ಕಿವಿಯಲ್ಲಿ ಅದೇ ಇರುತ್ತಿತ್ತು.

ಆ ನೋವಿನಿಂದ ನನ್ನನ್ನು ಬಿಡಿಸಿದವರು ನನ್ನ ವಿದ್ಯಾರ್ಥಿನಿಯರು. ಇವರಲ್ಲಿ ಹೆಚ್ಚಿನವರು ಗುಜರಾತಿ ಮನೆಗಳ ಹುಡುಗಿಯರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದಿಂದ ಏಷ್ಯಾದವರನ್ನು ತೊಂಬತ್ತು ದಿನಗಳ ಗಡುವು ಕೊಟ್ಟು ಹೊರಗಟ್ಟಿದಾಗ, ಲೆಸ್ಟರಿನ ನಗರಾಡಳಿತ ದಯವಿಟ್ಟು ನಮ್ಮ ಊರಿಗೆ ಬರಬೇಡಿ ಎಂಬ ಅರ್ಥದ ಜಾಹೀರಾತನ್ನು ಉಗಾಂಡದ ಪತ್ರಿಕೆಯಲ್ಲೇ ಹಾಕಿಸಿತ್ತು. ಆದರೂ ಬಂದರು, ನೆಲೆಯೂರಿದರು. ಬೆಲ್‌ಗ್ರೇವ್ ರಸ್ತೆಯ ದೀಪಾವಳಿಗೆ ಇಂದು ದೂರದ ಊರುಗಳಿಂದಲೂ ಜನ ಬರುತ್ತಾರೆ. ಅಂಥ ಮನೆಗಳ ಮೊಮ್ಮಕ್ಕಳು ನನ್ನಿಂದ ಮೈಸೂರು ಬಾನಿ ಕಲಿಯುತ್ತಾರೆ. ಇಲ್ಲಿನ ನೃತ್ಯ ಶಿಕ್ಷಕರ ಸಂಸ್ಥೆಯೊಂದು ಬ್ಯಾಲೆಗೆ ನಡೆಸುವಂತೆಯೇ ಭರತನಾಟ್ಯಕ್ಕೂ ಹಂತ ಹಂತದ ಪರೀಕ್ಷೆ ನಡೆಸುತ್ತದೆ, ಅದಕ್ಕೂ ಕೂರುತ್ತಾರೆ. ಅಡವುಗಳ, ಅಂದರೆ ಮೂಲ ಹೆಜ್ಜೆಗಳ, ಹೆಸರು ತಮಿಳು, ನಾನು ಗದರುವುದು ಕನ್ನಡದಲ್ಲಿ, ಅವರು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಮನೆಗೆ ಹೋಗಿ ಅಜ್ಜಿಗೆ ತೋರಿಸುವಾಗ ಗುಜರಾತಿ.

ಕಳೆದ ಚಳಿಗಾಲದಲ್ಲಿ ಅವರಲ್ಲಿ ಒಬ್ಬಳಿಗೆ ನನ್ನ ಗುರುಗಳು ಕಲಿಸಿದ್ದ ಕನ್ನಡ ಜಾವಳಿಯನ್ನೇ ಹೇಳಿಕೊಟ್ಟೆ. ಪಲ್ಲವಿಗೆ ನಾಲ್ಕು ಸಂಚಾರಿ ನಾನು ಕೊಟ್ಟು, ಐದನೆಯದನ್ನು ನೀನೇ ಹುಡುಕಿಕೊಂಡು ಬಾ ಎಂದೆ. ಮುಂದಿನ ವಾರ ಮಾಡಿ ತೋರಿಸಿದಳು. ಮುನಿದ ನಾಯಿಕೆ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದಾಳೆ. ಹೆಜ್ಜೆಯ ಸದ್ದು ಕೇಳಿ ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಕೈ ಹೋದದ್ದು ಬಲ ಹೆಗಲಿಗೆ. ಅಲ್ಲಿಂದ ಸೆರಗನ್ನು ಮುಂದಕ್ಕೆ ಎಳೆದು ಎದೆಯ ಮೇಲೆ ಹರಡಿಕೊಂಡಳು. ನಮ್ಮ ಕಡೆ ಸೆರಗು ಎಡ ಹೆಗಲಿನಿಂದ ಬೆನ್ನಿಗೆ ಬೀಳುತ್ತದೆ. ನಾನು ಕಲಿತದ್ದು ಹಾಗೆ, ಕಲಿಸಿದ್ದೂ ಹಾಗೆ. ತಿದ್ದಲು ತಟ್ಟುಕೋಲು ಎತ್ತಿದವಳು ಅವಳ ಮುಖ ನೋಡಿ ತಡೆದೆ. ಆ ಮುನಿಸಿನಲ್ಲಿ ಎಲ್ಲಿಯೂ ಸುಳ್ಳಿರಲಿಲ್ಲ. ಯಾರನ್ನು ನೋಡಿ ಕಲಿತೆ ಎಂದು ಕೇಳಿದರೆ, ಉಗಾಂಡದ ಕಂಪಾಲಾದಲ್ಲಿ ಹುಟ್ಟಿದ ತನ್ನ ಅಜ್ಜಿಯನ್ನು ಎಂದಳು.

ಈ ವಿಷಯವನ್ನು ಬೈಲುಕುಪ್ಪೆಯ ಗೆಳತಿಗೆ ಫೋನಿನಲ್ಲಿ ಹೇಳಿದೆ. ಅವಳು ಈಗ ಟೊರಾಂಟೊದಲ್ಲಿ ಮಕ್ಕಳಿಗೆ ಗೋರ್ಶೆ ಕಲಿಸುತ್ತಾಳೆ. ಅಲ್ಲಿನ ಮಕ್ಕಳು ಹೆಜ್ಜೆಯನ್ನು ಬೇಗ ಬೇಗ ಹಾಕುತ್ತಾರಂತೆ. ಅದನ್ನು ಅವಳು ಹಾಗೇ ಬಿಡಲೊಲ್ಲಳು, ನಿಧಾನಕ್ಕೆ ಎಳೆದು ತರುತ್ತಾಳೆ. ಎಲ್ಲವನ್ನೂ ಹೀಗೆ ಬಿಟ್ಟರೆ ನಾಳೆ ಏನು ಉಳಿಯುತ್ತದೆ ಎಂದು ನನ್ನೊಡನೆ ಜಗಳಕ್ಕೇ ನಿಂತಳು. ಲಯ ಬೇರೆ, ಸಂಚಾರಿ ಬೇರೆ ಎಂದು ನಾನೂ ವಾದಿಸಿದೆ. ಲಯದ ಮಾತಿನಲ್ಲಿ ಅವಳೇ ಸರಿ. ನನ್ನ ತರಗತಿಯಲ್ಲಿಯೂ ಅರಮಂಡಿ, ಮಂಡಿ ಬಾಗಿಸಿ ನಿಲ್ಲುವ ಆ ಭಂಗಿ, ಸಡಿಲವಾಗಲು ನಾನು ಬಿಡುವುದಿಲ್ಲ.

ಆದರೆ ಸೆರಗನ್ನು ತಿದ್ದಲಿಲ್ಲ. ಬರುವ ನವರಾತ್ರಿಯ ಕಾರ್ಯಕ್ರಮದಲ್ಲಿ ಆ ಹುಡುಗಿ ಜಾವಳಿಯನ್ನು ಬಲ ಹೆಗಲಿನ ಸೆರಗಿನಲ್ಲೇ ಅಭಿನಯಿಸುತ್ತಾಳೆ, ಹಾಡುವವಳು ನಾನು. ಅದರ ವಿಡಿಯೊವನ್ನು ನನ್ನ ಗುರುಗಳಿಗೂ ಕಳುಹಿಸಲಿದ್ದೇನೆ.